ಡೇರೆ ಮಡಚುವ ಮುಂಚೆ ಸೊನೆ ತೊಳೆಯಿರಿ



ಈ ಸಲದ ಪತ್ರಗಳ ಕಟ್ಟಿನಲ್ಲಿ ಚಿಂಚವಾಡದ ಕೇಳುಗರೊಬ್ಬರ ಪತ್ರ ಇತ್ತು. ಹಾಡಿನ ಕೋರಿಕೆ ಇರಬಹುದು ಅಂದುಕೊಂಡು ಒಡೆದರೆ ಒಳಗಿದ್ದದ್ದು ಬೇರೆಯೇ ಕಥೆ. ಜನವರಿಯಲ್ಲಿ ಮನೆಮಂದಿ ನಾಲ್ವರೂ ವೇಲ್ಹೆ ಕಡೆಗೆ ಹೋಗಿ, ಕೋಟೆಯ ಬುಡದಲ್ಲಿ ಡೇರೆ ಹಾಕಿ ಎರಡು ರಾತ್ರಿ ಇದ್ದು ಬಂದರಂತೆ. ದಾರಿಯಲ್ಲಿ ಮಗನಿಗೆ ಕಪ್ಪಗೆ ಹೊಳೆಯುವ, ಹೃದಯದಾಕಾರದ ಬೀಜಗಳು ಸಿಕ್ಕವು. ಚೆಂದ ಕಂಡವು, ಒಂದು ಹಿಡಿ ಆರಿಸಿ ಸ್ಯಾಕಿನ ಜೇಬಿನಲ್ಲಿ ಟವೆಲ್ಲಿನ ಪಕ್ಕ ತುರುಕಿದ. ಮೇಲೆ ಸ್ಟೌ, ಅದರ ಮೇಲೆ ಡೇರೆಯ ಗೂಟಗಳು. ಬೀಜ ಜಜ್ಜಿಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ರಾತ್ರಿ ಮನೆಗೆ ಬಂದರು. ಸೋಮವಾರ ಬೆಳಿಗ್ಗೆ ಎಲ್ಲ ಬಟ್ಟೆಯೂ ಬಕೆಟ್ಟಿಗೆ ಬಿತ್ತು. ಒಗೆದದ್ದು ಮನೆಗೆಲಸಕ್ಕೆ ಬರುವ ಮಾವಶಿ. ಬುಧವಾರದ ಹೊತ್ತಿಗೆ ಆಕೆಯ ಮುಂಗೈಯಿಂದ ಮೊಣಕೈವರೆಗೆ ನೀರುಗುಳ್ಳೆ, ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಚಾರಣಕ್ಕೆ ಹೋದ ನಾಲ್ವರಿಗೂ ಏನೂ ಆಗಿರಲಿಲ್ಲ! ಔಷಧಿ ಹಚ್ಚಿ ಇಳಿಯುತ್ತಿದ್ದಂತೆ, ಮುಂದಿನ ವಾರ ಆಕೆ ಸ್ಯಾಕು ಡೇರೆ ಒರೆಸಿ ಇಟ್ಟರು. ಮತ್ತೆ ಶುರು. ಕೊನೆಗೆ ಜೇಬಿನಿಂದ ಬಿದ್ದ ಸಿಪ್ಪೆ ನೋಡಿ ಮಾವಶಿಯೇ ಪತ್ತೆ ಹಚ್ಚಿದರಂತೆ: "ಹಾ ತರ್ ಬಿಬ್ಬಾ ಆಹೇ!" ಚಿಕ್ಕವರಿದ್ದಾಗ ಊರಲ್ಲಿ ಆಕೆಗೆ ಒಮ್ಮೆ ಬಿಬ್ಬಾ ತಾಗಿ ಹೀಗೇ ಆಗಿತ್ತಂತೆ.

ಪತ್ರದ ಪ್ರಶ್ನೆ ಇಷ್ಟು: "ಅಮೆರಿಕದಲ್ಲಿರುವ ನಮ್ಮ ಭಾವ ಪಾಯ್ಸನ್ ಐವಿ ತಾಗಿದ ಸಾಮಾನು ತೊಳೆಯುವ ವಿಧಾನ ಬರೆದು ಕಳಿಸಿದ್ದಾರೆ. ಅದು ಇಲ್ಲಿಗೆ ಹೊಂದುತ್ತದೆಯೇ? ಆರು ಸಾವಿರದ ಡೇರೆ ಎಸೆಯಬೇಕೇ?"

ಎಸೆಯುವುದು ಬೇಡ. ಭಾವನವರ ವಿಧಾನ ಬಹುಮಟ್ಟಿಗೆ ಹೊಂದುತ್ತದೆ. ಯಾಕೆ ಹೊಂದುತ್ತದೆ ಎಂಬುದೇ ಸ್ವಾರಸ್ಯ.

ಪುಣೆಯಲ್ಲಿರುವ ನಾವೆಲ್ಲ ಬಿಬ್ಬಾ ನೋಡಿಯೇ ಇರುತ್ತೇವೆ, ಗೊತ್ತಿಲ್ಲದೆ. ಅಂಗಡಿ ಬಾಗಿಲಿಗೆ, ರಿಕ್ಷಾದ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟುತ್ತಾರಲ್ಲ, ಅದರಲ್ಲಿ ಕಪ್ಪಗೆ ಒಂದು ಬೀಜ ಇರುತ್ತದೆ, ಅದೇ ಇದು. ಆಫೀಸಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಯಾರಾದರೂ ನಡುವೆ ಬಂದು ಕಲ್ಲು ಹಾಕಿದರೆ ಮರಾಠಿ ಗೆಳೆಯರು "ಬಿಬ್ಬಾ ಘಾತಲಾ" ಅನ್ನುತ್ತಾರೆ, ಅದೂ ಇದೇ. ನಮ್ಮ ಕಡೆ ಇದಕ್ಕೆ ಕರಿಗೇರು ಅಂತಲೋ ಕೇರುಬೀಜ ಅಂತಲೋ ಹೆಸರು. ಆಯುರ್ವೇದದ ಭಲ್ಲಾತಕ. ಸಸ್ಯಶಾಸ್ತ್ರದಲ್ಲಿ ಸೆಮೆಕಾರ್ಪಸ್ ಅನಕಾರ್ಡಿಯಂ. ಸಹ್ಯಾದ್ರಿಯ ಪೂರ್ವದ ಇಳಿಜಾರಿನ ಎಲೆ ಉದುರುವ ಕಾಡುಗಳಲ್ಲಿ, ಉತ್ತರ ಕರ್ನಾಟಕದ ಒಣ ಗುಡ್ಡಗಳಲ್ಲಿ ಬೆಳೆಯುವ ಮರ. ದೊಡ್ಡ ಎಲೆ. ಚಳಿಗಾಲದಲ್ಲಿ ಕಿತ್ತಳೆ ಬಣ್ಣದ ತಿರುಳಿನ ತುದಿಗೆ ಕಪ್ಪು ಬೀಜ ಅಂಟಿಕೊಂಡಿರುತ್ತದೆ, ಥೇಟ್ ಗೇರುಹಣ್ಣಿನ ಹಾಗೆ.

ಇಲ್ಲೊಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ನಮಗೆ ಗೋಡಂಬಿ ಅಂದರೆ ಕಾಜು. ಮರಾಠಿಯಲ್ಲಿ "ಗೋಡಂಬಿ" ಅಂದರೆ ಈ ಬಿಬ್ಬೆಯ ಒಳಗಿನ ತಿರುಳು! ಚಳಿಗಾಲದಲ್ಲಿ ಇಲ್ಲಿ ಮಾಡುವ ಅಂಟಿನ ಉಂಡೆಗೆ ಅದನ್ನೇ ಹಾಕುತ್ತಾರೆ. ಹೊಸದಾಗಿ ಪುಣೆಗೆ ಬಂದ ಕನ್ನಡತಿಯೊಬ್ಬರು ಅಂಗಡಿಯಲ್ಲಿ ಪಾಯಸಕ್ಕೆ ಗೋಡಂಬಿ ಕೇಳಿದರೆ ಬೇರೇನೋ ಕೈಗೆ ಬಂದೀತು. ತಿರುಳು ತಿನ್ನುವಂಥದ್ದೇ, ಹೆದರಬೇಕಿಲ್ಲ. ಅಪಾಯ ಇರುವುದು ಅದರ ಸುತ್ತಲಿನ ಗಟ್ಟಿ ಸಿಪ್ಪೆಯ ಪದರದಲ್ಲಿ ತುಂಬಿಕೊಂಡಿರುವ ಸೊನೆಯಲ್ಲಿ.

ಸೊನೆ. ಈ ಮಾತು ನಮ್ಮಲ್ಲಿ ಇರುವುದೇ ಒಂದು ಭಾಗ್ಯ. ಉಪ್ಪಿನಕಾಯಿ ಕಾಲದಲ್ಲಿ ಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿಗೆ ತಾಗಿ ಹುಣ್ಣಾದದ್ದು ನೆನಪಿದೆಯೇ? ಮಾವು, ಗೇರು, ಕರಿಗೇರು, ಮಲೆನಾಡಿನವರು ಹೆದರುವ ಹೊಲಗೇರು, ಅಮೆರಿಕದ ಪಾಯ್ಸನ್ ಐವಿ ಬಳ್ಳಿ, ಜಪಾನಿನ ಅರಗಿನ ಮರ, ಇವೆಲ್ಲ ಒಂದೇ ಕುಟುಂಬದ ಗಿಡಗಳು. (ಹೊಲಗೇರಿನ ಶಾಸ್ತ್ರೀಯ ಹೆಸರು ಹೊಲಿಗಾರ್ನಾ. ಕಿವಿಗೆ ಕನ್ನಡವೇ ಅನಿಸುತ್ತದೆ, ಅಲ್ಲವೇ?) ಜಪಾನೀಯರು ಆ ಅರಗಿಗೆ ಉರುಶಿ ಅನ್ನುತ್ತಾರೆ. ಪಾಯ್ಸನ್ ಐವಿಯ ಎಣ್ಣೆಗೆ ಉರುಶಿಯಾಲ್ ಎಂಬ ಹೆಸರು ಬಂದದ್ದು ಅದರಿಂದ. ಬಿಬ್ಬೆಯ ಸೊನೆಯಲ್ಲಿರುವುದು ಭಿಲವನಾಲ್, ಉರುಶಿಯಾಲಿನ ಒಡಹುಟ್ಟು. ಮಾವಿನ ಸೊನೆಯದು ದೂರದ ನೆಂಟಸ್ತಿಕೆ. ಪಾಯ್ಸನ್ ಐವಿ ನಮ್ಮ ಸಹ್ಯಾದ್ರಿಯಲ್ಲಿ ಬೆಳೆಯುವುದಿಲ್ಲ, ಆದರೆ ಅದರ ಕೆಲಸ ಮಾಡುವ ಅಣ್ಣ ತಮ್ಮಂದಿರು ಇಲ್ಲಿದ್ದಾರೆ.

ಇದು ಸುಡುವ ಆಮ್ಲ ಮಾತ್ರವಲ್ಲ. ಬಿಬ್ಬೆಯ ಸೊನೆ ಹಸಿಯಾಗಿ ಹೆಚ್ಚು ತಾಗಿದರೆ ಯಾರ ಚರ್ಮವೂ ಸುಟ್ಟೀತು. ಆದರೆ ಸ್ವಲ್ಪವೇ ತಾಗಿದಾಗ ಆಗುವುದು ಅಲರ್ಜಿ. ಮೊದಲ ಸಲ ತಾಗಿದಾಗ ದೇಹ ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತದೆ, ಹೊರಗೆ ಏನೂ ಕಾಣದೇ ಇರಬಹುದು. ಮುಂದೆ ಯಾವಾಗಲೋ ಚೂರು ತಾಗಿದರೂ ಒಂದೆರಡು ದಿನದಲ್ಲಿ ಕೆರೆತ, ಗುಳ್ಳೆ, ಬಾವು. ಮಾವಶಿಗೆ ಆದದ್ದು ಇದು. ಬಾಲ್ಯದಲ್ಲಿ ದೇಹ ಹಾಕಿಕೊಂಡ ಗುರುತು ಇಷ್ಟು ವರ್ಷವಾದರೂ ಅಳಿಸಿರಲಿಲ್ಲ. ಚಿಂಚವಾಡದ ನಾಲ್ವರಿಗೆ ಏನೂ ಆಗಲಿಲ್ಲ ಅಂದರೆ ಅವರ ಚರ್ಮ ಗಟ್ಟಿ ಅಂತಲ್ಲ, ಅವರ ದೇಹಕ್ಕೆ ಇನ್ನೂ ಪರಿಚಯವಾಗಿರಲಿಲ್ಲ, ಅಷ್ಟೇ. ಈಗ ಆಗಿರಲೂ ಬಹುದು.

ತಡವಾಗಿ ಏಳುವುದರಿಂದಲೇ ಎಲ್ಲ ಗೊಂದಲ. ಬುಧವಾರದ ಗುಳ್ಳೆಗೆ ಜನ ಮಂಗಳವಾರದ ಊಟವನ್ನು ಬೈಯುತ್ತಾರೆ. ಇನ್ನೊಂದು ತಪ್ಪು ತಿಳಿವಳಿಕೆ, ಗುಳ್ಳೆಯ ನೀರಿನಿಂದ ಹರಡುತ್ತದೆ ಎಂಬುದು. ಇಲ್ಲ. ಗುಳ್ಳೆಯ ನೀರಿನಲ್ಲಿ ಸೊನೆ ಇರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೊಸ ಹೊಸ ಕಡೆ ಏಳುತ್ತಿದೆ ಅಂದರೆ ಒಂದೋ ಅಲ್ಲಿ ಕಡಿಮೆ ತಾಗಿದ್ದು ತಡವಾಗಿ ಎದ್ದಿದೆ, ಇಲ್ಲವೇ ಮನೆಯಲ್ಲಿ ಯಾವುದೋ ಸಾಮಾನಿನ ಮೇಲೆ ಸೊನೆ ಇನ್ನೂ ಕೂತಿದೆ. ವಾಚಿನ ಪಟ್ಟಿ, ಬೂಟಿನ ಲೇಸು, ಮೊಬೈಲು. ಅಥವಾ ಸ್ಯಾಕಿನ ಜೇಬು.

ಬಟ್ಟೆಯ ಮೇಲೆ ಇದು ಎಷ್ಟು ಗಟ್ಟಿಯಾಗಿ ಕೂರುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಹಿಂದೆ ಅಗಸರು ಯಾರ ಮನೆಯ ಬಟ್ಟೆ ಯಾವುದು ಎಂದು ತಿಳಿಯಲು ಈ ಬೀಜಕ್ಕೆ ಚುಚ್ಚಿ, ಅದರ ಸೊನೆಯಿಂದಲೇ ಕಾಲರಿನ ಮೇಲೆ ಗುರುತು ಹಾಕುತ್ತಿದ್ದರು. ಸುಣ್ಣ ಸೇರಿದರೆ ಕಪ್ಪು ಬಣ್ಣ ಕಲ್ಲಾಗಿ ಕೂರುತ್ತದೆ, ಎಷ್ಟು ಒಗೆದರೂ ಹೋಗದು. ಅದಕ್ಕೇ ಇಂಗ್ಲಿಷರು ಇದನ್ನು ಗುರುತಿನ ಕಾಯಿ ಎಂಬರ್ಥದಲ್ಲಿ ಮಾರ್ಕಿಂಗ್ ನಟ್ ಎಂದು ಕರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕತ್ತಿನ ಹಿಂದೆ, ಸೊಂಟದ ಬಳಿ, ಸರಿಯಾಗಿ ಗುರುತು ತಾಗುವ ಜಾಗದಲ್ಲೇ ಗುಳ್ಳೆ ಏಳತೊಡಗಿತು. ಅವರ ಸೇನಾ ವೈದ್ಯರು 1943ರಲ್ಲಿ ಇದನ್ನು "ಧೋಬಿ ಮಾರ್ಕ್" ಚರ್ಮರೋಗ ಎಂದು ವೈದ್ಯ ಪತ್ರಿಕೆಯಲ್ಲಿ ದಾಖಲಿಸಿದರು. ಊರಿನಲ್ಲಿ ಪಾಯ್ಸನ್ ಐವಿಯ ಪರಿಚಯವಾಗಿದ್ದ ಚರ್ಮಗಳು ಇಲ್ಲಿಯ ಬಿಬ್ಬೆಯನ್ನು ನೋಡಿದೊಡನೆ ನೆಂಟನನ್ನು ಗುರುತಿಸಿದಂತೆ ಗುರುತಿಸಿದ್ದವು!

ಈಗ ತೊಳೆಯುವ ಮಾತು. ಎರಡು ಸಂಗತಿ ತಲೆಯಲ್ಲಿದ್ದರೆ ಉಳಿದದ್ದು ತಾನೇ ಹೊಳೆಯುತ್ತದೆ. ಒಂದು, ಇದು ಎಣ್ಣೆ. ಬರೀ ನೀರಿಗೆ ಜಗ್ಗುವುದಿಲ್ಲ. ಎರಡು, ಇದು ತಾನಾಗಿ ಹಾರಿಹೋಗುವುದಿಲ್ಲ. ಬಿಸಿಲಿಗೆ ಹಾಕಿದರೆ ಸತ್ತುಹೋಗುತ್ತದೆ ಎಂದು ನಂಬಿ ಲಾಫ್ಟಿನ ಮೇಲೆ ಎತ್ತಿಟ್ಟರೆ, ಮುಂದಿನ ಚಳಿಗಾಲಕ್ಕೆ ಅದು ಅಲ್ಲೇ ಕಾದಿರುತ್ತದೆ.

ಮೊದಲು ಕಾಡಿನಲ್ಲೇ. ಸೊನೆ ತಾಗಿದ್ದು ಗೊತ್ತಾದರೆ ಹತ್ತು ನಿಮಿಷದೊಳಗೆ ತೊಳೆದರೆ ಬಹಳಷ್ಟು ಬಚಾವು, ಹೊತ್ತು ಹೋದಷ್ಟೂ ಅದು ಚರ್ಮದೊಳಗೆ ಇಳಿಯುತ್ತದೆ. ಹಾಗಂತ ತಡವಾಯಿತೆಂದು ತೊಳೆಯದೆ ಇರಬೇಡಿ, ಉಳಿದದ್ದು ಬೇರೆ ಕಡೆ ಹತ್ತುವುದಾದರೂ ತಪ್ಪುತ್ತದೆ. ತಣ್ಣೀರು, ಪಾತ್ರೆ ತೊಳೆಯುವ ದ್ರವದ ಸೋಪು, ಒಂದು ಹಳೇ ಬಟ್ಟೆ. ಉಜ್ಜಿ, ನೀರು ಹೊಯ್ದು, ಮತ್ತೆ ಉಜ್ಜಿ, ಹೀಗೆ ಮೂರು ಸಲ. ಉಗುರಿನ ಸಂದು ಮರೆಯಬೇಡಿ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಬೀಜ ಮುಟ್ಟುವ ಮುಂಚೆ ಹಚ್ಚಿಕೊಳ್ಳುವುದಕ್ಕೆ ಅರ್ಥವಿದೆ, ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಣ್ಣುಮಕ್ಕಳೂ ಕೈಗೆ ಎಣ್ಣೆ ಹಚ್ಚಿಕೊಂಡೇ ಕೂರುತ್ತಾರೆ. ತಾಗಿದ ಮೇಲೆ ಬರೀ ಎಣ್ಣೆ ಸವರಿದರೆ ಸೊನೆ ಅದರಲ್ಲಿ ಕರಗಿ ಇನ್ನಷ್ಟು ದೂರ ಹರಿಯುತ್ತದೆ. ಹಚ್ಚಿದರೆ ಹಿಂದೆಯೇ ಸೋಪಿನಿಂದ ತೊಳೆದುಬಿಡಿ.

ಮನೆಗೆ ಬಂದ ಮೇಲೆ ಸ್ಯಾಕನ್ನು ಹಾಸಿಗೆಯ ಮೇಲೆ ಬಿಚ್ಚಬೇಡಿ. ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿ ಬಿಚ್ಚಿ. ಕೈಗವಸು ಬೇಕು. ಡಾಕ್ಟರುಗಳು ಹಾಕುವ ತೆಳು ರಬ್ಬರಿನದು ಸಾಲದು, ಈ ಸೊನೆ ಅದರೊಳಗಿಂದ ನುಸುಳುತ್ತದೆ. ಅಡುಗೆಮನೆಯ ದಪ್ಪ ಗವಸು ಅಥವಾ ವಿನೈಲ್ ಗವಸು ಇರಲಿ. ಕೆಲಸ ಮುಗಿದ ಮೇಲೆ ಗವಸನ್ನು ಕೈಯಲ್ಲಿ ಇರುವಾಗಲೇ ಸೋಪಿನಿಂದ ತೊಳೆದು ಆಮೇಲೆ ಕಳಚಬೇಕು.

ಗಟ್ಟಿ ಸಾಮಾನು ಸುಲಭ. ಗೂಟ, ಕಂಬಿ, ಸ್ಟೌ, ನೀರಿನ ಬಾಟಲಿ, ಟಾರ್ಚು, ಕೋಲು. ಮೆಡಿಕಲ್ ಅಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿ ಎಸೆದು, ಹೊಸ ಹತ್ತಿಯಿಂದ ಮತ್ತೊಮ್ಮೆ ಒರೆಸಿ, ಆಮೇಲೆ ಸೋಪು ನೀರು. ಅದೇ ಹತ್ತಿಯಿಂದ ಎಲ್ಲವನ್ನೂ ಒರೆಸಿದರೆ ಸೊನೆಯನ್ನು ಒಂದರಿಂದ ಇನ್ನೊಂದಕ್ಕೆ ಹಂಚಿದಂತಾಯಿತು. ಸ್ಟೌ ಮತ್ತು ಸ್ಪಿರಿಟ್ಟು ಪಕ್ಕಪಕ್ಕದಲ್ಲಿರುವಾಗ ಹತ್ತಿರ ಬೆಂಕಿ ಇರಕೂಡದೆಂದು ಬೇರೆ ಹೇಳಬೇಕಿಲ್ಲ.

ಡೇರೆಯ ವಿಷಯದಲ್ಲಿ ತಾಳ್ಮೆ ಬೇಕು. ಒಳಬದಿಗೆ ನೀರು ತಡೆಯುವ ಲೇಪ ಇರುತ್ತದೆ. ಸ್ಪಿರಿಟ್ಟು, ಸೀಮೆಎಣ್ಣೆ, ಬ್ಲೀಚು ತಾಗಿದರೆ ಆ ಲೇಪ ಹಾಳಾಗುತ್ತದೆ. ವಾಷಿಂಗ್ ಮಷಿನ್ ಕೂಡ ಬೇಡ. ನೆಲದ ಮೇಲೆ ಹರಡಿ, ಕಲೆ ಇರುವ ಕಡೆ ಒಣಗಿರುವಾಗಲೇ ಪಾತ್ರೆಯ ಸೋಪಿನ ದ್ರವವನ್ನು ನೀರು ಬೆರೆಸದೆ ಹಾಕಿ ಹತ್ತು ನಿಮಿಷ ಬಿಡಿ. ಮೊದಲೇ ಒದ್ದೆ ಮಾಡಿದರೆ ಸೋಪು ಎಣ್ಣೆಯವರೆಗೆ ತಲುಪುವುದೇ ಇಲ್ಲ. ಆಮೇಲೆ ಮೆತ್ತನೆಯ ಸ್ಪಂಜಿನಿಂದ ಕಲೆಯ ಅಂಚಿನಿಂದ ನಡುವಿಗೆ ತಿಕ್ಕುತ್ತ ಬನ್ನಿ. ನಡುವಿನಿಂದ ಹೊರಕ್ಕೆ ತಿಕ್ಕಿದರೆ ನಾಣ್ಯದಷ್ಟಿದ್ದದ್ದು ತಟ್ಟೆಯಷ್ಟಾಗುತ್ತದೆ. ಧಾರಾಳ ನೀರು ಬಿಟ್ಟು ಮತ್ತೊಮ್ಮೆ ಹಾಗೇ ಮಾಡಿ. ಜಿಪ್ಪಿನ ಎಳೆ, ಬಾಗಿಲಿನ ದಾರ, ಮಡಚಿಡುವ ಚೀಲ, ಕೈ ಹೆಚ್ಚು ತಾಗುವ ಈ ಮೂರನ್ನೇ ಜನ ಮರೆಯುವುದು. ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿ.

ಹತ್ತುವ ಹಗ್ಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ ತೊಳೆಯಬಹುದು. ಸ್ಪಿರಿಟ್ಟು ಬ್ಲೀಚು ಖಂಡಿತ ಬೇಡ, ಜೀವ ತೂಗುವ ವಸ್ತು ಅದು. ಸೊನೆ ಕುಡಿದು ಕಪ್ಪಾದ ಹಗ್ಗವಾದರೆ ಅದರ ಆಸೆ ಬಿಡಿ. ಸ್ಲೀಪಿಂಗ್ ಬ್ಯಾಗಿಗೆ ತಾಗಿದ್ದರೆ ಆ ಭಾಗವನ್ನು ಮಾತ್ರ ಡೇರೆಯ ಹಾಗೆ ತೊಳೆಯಿರಿ, ಮತ್ತು ಮುಖ ತಾಗುವ ಕಡೆ ಕಲೆ ಇದ್ದರೆ ಇನ್ನು ಮೇಲೆ ಒಳಗೊಂದು ಹತ್ತಿಯ ಹೊದಿಕೆ ಹಾಕಿಕೊಳ್ಳಿ. ಬೂಟಿನ ಲೇಸು ಎಸೆದುಬಿಡಿ, ಹೊಸದು ಎಷ್ಟಾದೀತು?

ಬಟ್ಟೆಯನ್ನು ಮನೆಯ ಉಳಿದ ಬಟ್ಟೆಯಿಂದ ಬೇರೆ ಮಾಡಿ, ಬಿಸಿನೀರು, ಜಾಸ್ತಿ ಪುಡಿ, ಎರಡು ಸುತ್ತು ಒಗೆಯಿರಿ. ಮಷಿನ್ನಿಗೆ ಹಾಕಿದ್ದರೆ ಆಮೇಲೆ ಬಿಸಿನೀರಿನಲ್ಲಿ ಒಂದು ಸುತ್ತು ಖಾಲಿ ಓಡಿಸಿ. ಬಕೆಟ್ಟು ಮಗ್ಗನ್ನೂ ತೊಳೆಯಿರಿ. ಪಾಯ್ಸನ್ ಐವಿಗೂ ಬಿಬ್ಬೆಗೂ ಇಲ್ಲೊಂದು ವ್ಯತ್ಯಾಸ ಇದೆ. ಅಮೆರಿಕದ ಸೊನೆ ಬಟ್ಟೆಯ ಮೇಲೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಹಾಗಾಗಿ ಭಾವನವರು ಎಲ್ಲವನ್ನೂ ತೊಳೆಯಿರಿ ಅನ್ನುತ್ತಾರೆ. ಬಿಬ್ಬೆಯದು ಕಪ್ಪಗೆ ಕಾಣುತ್ತದೆ, ಅದು ಅನುಕೂಲ. ಆದರೆ ಆ ಕಪ್ಪು ಎಷ್ಟು ಒಗೆದರೂ ಹೋಗದ್ದರಿಂದ ಸೊನೆ ಹೋಯಿತೋ ಇಲ್ಲವೋ ಎಂದು ಕಲೆ ನೋಡಿ ಹೇಳಲು ಬರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೈಗೆ ತಾಗುವ ಅಂಗಿ ಟವೆಲ್ಲಿನಲ್ಲಿ ಕಪ್ಪು ಕಲೆ ಇದ್ದರೆ ಎಸೆಯಿರಿ, ಡೇರೆ ಸ್ಯಾಕು ತೊಳೆದು ಉಳಿಸಿಕೊಳ್ಳಿ. ಸ್ಯಾಕಿನ ಜೇಬಿನ ಕಲೆಯ ಮೇಲೆ ಒಳಗಿನಿಂದ ಒಂದು ತುಂಡು ಬಟ್ಟೆ ಹೊಲಿಸಿದರೆ ಇನ್ನೂ ನೆಮ್ಮದಿ.

ಎಸೆಯುವುದನ್ನೂ ನೋಡಿ ಎಸೆಯಬೇಕು. ಪುಣೆಯಲ್ಲಿ ನಮ್ಮ ಕಸವನ್ನು ಕೈಯಿಂದ ಬೇರ್ಪಡಿಸುವವರು ಸ್ವಚ್ಛ್ ಸಹಕಾರಿ ಸಂಸ್ಥೆಯ ಅಕ್ಕಂದಿರು. ಪೇಪರಿನಲ್ಲಿ ಸುತ್ತಿ, ಕವರಿನಲ್ಲಿ ಕಟ್ಟಿ, "ಯಾತ್ ಬಿಬ್ಬಾ ಆಹೇ, ಉಘಡೂ ನಕಾ" ಎಂದು ಬಾಯಿಬಿಟ್ಟು ಹೇಳಿ ಕೊಡಿ. ಬಿಬ್ಬಾ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಮನೆಗೆ ಬರುವ ಮಾವಶಿಗೂ ಹಾಗೇ. ಚಾರಣದ ಬಟ್ಟೆಯ ಮೊದಲ ಒಗೆತ ಚಾರಣಕ್ಕೆ ಹೋದವರದ್ದೇ ಆಗಿರಲಿ.

ಸುಡುವ ಯೋಚನೆಯನ್ನಂತೂ ಮಾಡಲೇಬೇಡಿ. ಈ ಕುಟುಂಬದ ಗಿಡಗಳ ಸೊನೆ ಹೊಗೆಯಲ್ಲಿ ಸೇರಿ ಕಣ್ಣಿಗೆ, ಗಂಟಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಂಪ್‌ಫೈರಿಗೆ ಸಿಕ್ಕ ಸಿಕ್ಕ ಕಟ್ಟಿಗೆ ಒಟ್ಟುವವರೂ ಇದನ್ನು ನೆನಪಿಡಬೇಕು. ಗುರುತು ತಿಳಿಯದ ಕಟ್ಟಿಗೆ, ತೊಗಟೆಯ ಮೇಲೆ ಕಪ್ಪು ಸೊನೆ ಹೆಪ್ಪುಗಟ್ಟಿದ ಕಟ್ಟಿಗೆ ಬೇಡ.

ಚಾರಣದಿಂದ ಬಂದವರ ಎಲ್ಲ ಕೆರೆತವೂ ಸೊನೆಯದ್ದಲ್ಲ. ಚಳಿಗಾಲದ ಕೊನೆಗೆ ಪೊದೆಗಳಲ್ಲಿ ನಸುಗುನ್ನಿ ಕಾಯಿ ಒಣಗಿ ನೇತಾಡುತ್ತಿರುತ್ತದೆ, ಮರಾಠಿಯಲ್ಲಿ ಖಾಜಕುಯಿಲಿ. ಅದರ ಹೊಂಬಣ್ಣದ ರೋಮ ಗಾಳಿಗೆ ಉದುರಿ ಮೈಗೆ ಚುಚ್ಚಿದರೆ ಮನುಷ್ಯ ಕುಣಿದಾಡುತ್ತಾನೆ. ಇದರ ಕೆರೆತ ನಿಮಿಷದೊಳಗೆ ಶುರು, ಬುಧವಾರದವರೆಗೆ ಕಾಯುವುದಿಲ್ಲ. ಗುರುತಿಸಲು ಇದೇ ಸುಲಭದ ದಾರಿ. ರೋಮದಲ್ಲಿ ಮ್ಯುಕುನೈನ್ ಎಂಬ ಕಿಣ್ವ ಇದೆ. ಇಲ್ಲಿ ತೊಳೆಯುವ ಕ್ರಮ ತಲೆಕೆಳಗು: ಉಜ್ಜಲೇಬಾರದು, ಉಜ್ಜಿದರೆ ರೋಮ ಇನ್ನೂ ಒಳಕ್ಕೆ. ಮೈಮೇಲಿನದನ್ನು ಅಂಟುಪಟ್ಟಿ ಒತ್ತಿ ಕೀಳಬೇಕು. ಹಳ್ಳಿಗಳಲ್ಲಿ ಸಗಣಿ ಬಳಿದು ಒಣಗಿಸಿ ಉದುರಿಸುವುದರ ಹಿಂದೆಯೂ ಇದೇ ಉಪಾಯ ಇದೆ. ಡೇರೆ ಸ್ಯಾಕಿನ ಮೇಲಿನದಕ್ಕೂ ಅಗಲ ಅಂಟುಪಟ್ಟಿಯೇ ಸರಿ. ಬಟ್ಟೆಯನ್ನು ಕುದಿನೀರಿನಲ್ಲಿ ನೆನೆಸಿದರೆ ಕಾವಿಗೆ ಆ ಕಿಣ್ವ ಕೆಡುತ್ತದೆ.

ಮೂರನೆಯದು ಪುಣೆಯದ್ದೇ ಖ್ಯಾತಿ: ಕಾಂಗ್ರೆಸ್ ಗಿಡ, ಇಲ್ಲಿಯವರ ಗಾಜರ್ ಗವತ್, ಅಂದರೆ ಪಾರ್ಥೇನಿಯಂ. 1955ರಲ್ಲಿ ಪುಣೆಯ ಕಸದ ಗುಡ್ಡೆಗಳ ಮೇಲೆ ಕಂಡ ಈ ಗಿಡವನ್ನು ಸಸ್ಯವಿಜ್ಞಾನಿ ಆರ್. ಎಸ್. ರಾವ್ 1956ರಲ್ಲಿ ಭಾರತಕ್ಕೆ ಹೊಸದೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಮೆರಿಕದ ಗೋಧಿಯ ಜೊತೆ ಬಂತು ಎಂಬುದು ಎಲ್ಲರ ಬಾಯಲ್ಲಿರುವ ಮಾತು, ಅದಕ್ಕೂ ಬಹಳ ಮುಂಚೆಯೇ ದೇಶದಲ್ಲಿತ್ತು ಎಂಬ ವಾದವೂ ಇದೆ. 1960ರ ದಶಕದ ಕೊನೆಗೆ ಅದರಿಂದ ಆಗುವ ಚರ್ಮರೋಗವನ್ನು ದಾಖಲಿಸಿದವರೂ ಪುಣೆಯ ವೈದ್ಯರೇ. ಇದರಲ್ಲಿರುವುದು ಸೊನೆಯಲ್ಲ, ಎಲೆಯ ನವಿರು ಮತ್ತು ಒಣಗಿದ ಗಿಡದ ಧೂಳು. ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಏಳುತ್ತದೆ. ಅಂಥ ಬಯಲಿನಲ್ಲಿ ಡೇರೆ ಹಾಕಿದ್ದರೆ ಮನೆಯೊಳಗೆ ಕೊಡವಬೇಡಿ, ಒಣ ಬ್ರಶ್ಶಿನಿಂದ ತಿಕ್ಕಬೇಡಿ. ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಹಾಯಿಸಿ ಇಳಿಸಿ. ಸೇವಂತಿಗೆ ಮುಟ್ಟಿದರೆ ಕೆರೆತ ಬರುವವರು ಇದರಿಂದ ದೂರವೇ ಇರಲಿ, ಎರಡೂ ಒಂದೇ ಕುಟುಂಬ.

ಎದ್ದ ಗುಳ್ಳೆಗೆ ಏನು ಮಾಡುವುದು? ತಣ್ಣೀರು ಪಟ್ಟಿ, ಕ್ಯಾಲಮೈನ್, ಉಗುರು ಕತ್ತರಿಸುವುದು. ಮುಖ, ಕಣ್ಣು, ಗುಪ್ತಾಂಗಕ್ಕೆ ಬಂದರೆ ಅಥವಾ ಮೈತುಂಬ ಎದ್ದರೆ ಚರ್ಮವೈದ್ಯರ ಹತ್ತಿರ ಹೋಗಲೇಬೇಕು. ಹೊಗೆ ಕುಡಿದು ಉಸಿರಿಗೆ ತೊಂದರೆಯಾದರೆ ಆ ಕ್ಷಣವೇ ಆಸ್ಪತ್ರೆಗೆ. ಸ್ಟಿರಾಯ್ಡ್ ಮುಲಾಮನ್ನು ಅಂಗಡಿಯವನ ಮಾತು ಕೇಳಿ ತರಬೇಡಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಕೇರಳದಲ್ಲಿ ಹೊಲಗೇರು ತಾಗಿದವರು ತಾರೆ ಮರಕ್ಕೆ ಸುತ್ತು ಬಂದು ಬೇಡಿಕೊಳ್ಳುವ ರೂಢಿ ಇದೆ. ತಾರೆ ಮರದ ಕೀರ್ತಿಗೆ ಆ ಮೂರು ವಾರವೂ ಸ್ವಲ್ಪ ಸಹಾಯ ಮಾಡಿರಬೇಕು.

ಚಿಂಚವಾಡದ ಕೇಳುಗರಿಗೆ ಫೋನಿನಲ್ಲೇ ಇಷ್ಟೂ ಹೇಳಿದ್ದಾಯಿತು. ಮೊನ್ನೆ ಮತ್ತೆ ಪತ್ರ ಬಂದಿದೆ. ಟವೆಲ್ಲು ಹೋಯಿತು, ಡೇರೆ ಉಳಿಯಿತು. ತಿಕ್ಕಿ ತೊಳೆದದ್ದು ಬೀಜ ಆರಿಸಿದ ಮಗನೇ, ದಪ್ಪ ಗವಸು ಹಾಕಿಕೊಂಡು, ಒಂದಿಡೀ ಭಾನುವಾರ. ಮಾವಶಿಯ ಕೈ ವಾಸಿಯಾಗಿದೆ, ಔಷಧಿಯ ಖರ್ಚೂ ರಜೆಯ ಸಂಬಳವೂ ಮನೆಯವರದ್ದು. ಜೊತೆಗೆ ಒಂದು ಹಾಡಿನ ಕೋರಿಕೆಯೂ ಇತ್ತು, ಮಾವಶಿಗಾಗಿ, ಆದರೆ ಮರಾಠಿ ಹಾಡು. ನಮ್ಮ ಕನ್ನಡದ ಅರ್ಧ ಗಂಟೆಯಲ್ಲಿ ಅದಕ್ಕೆ ಜಾಗ ಹೇಗೆ ಮಾಡುವುದೆಂದು ಯೋಚಿಸುತ್ತಿದ್ದೇವೆ.